ನಿಂತಾಗ ನೇರ

ಮೂರು ಇಂಚು ಕಮ್ಮಿ ಬಿದ್ದಿತ್ತು.

ನಮ್ಮ ಜೀಪಿನ ಗೇರ್‌ಬಾಕ್ಸು ಹಲ್ಲು ಉದುರಿಸಿಕೊಂಡು ಕೂತ ಮೇಲೆ ಗುಜರಿಯಿಂದ ಬೇರೆ ಒಂದನ್ನು ತಂದು ಕೂರಿಸಿದ್ದೆ. ತಂದದ್ದರ ಮೈ ಗಿಡ್ಡ. ಬೋಲ್ಟುಗಳನ್ನೆಲ್ಲ ಬಿಗಿದು, ಕೊನೆಗೆ ಪ್ರೊಪೆಲ್ಲರ್ ಶಾಫ್ಟು ಎತ್ತಿ ಹಿಡಿದಾಗ ಅದು ಹಿಂದಿನ ಹೌಸಿಂಗಿಗೂ ಮುಂದಿನ ಗೇರ್‌ಬಾಕ್ಸಿಗೂ ಮುಟ್ಟುವುದಿಲ್ಲ ಎಂದು ಗೊತ್ತಾಯಿತು. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉಕ್ಕಿನ ಕೊಳವೆ ಅದು. ಎರಡು ತುದಿಗೂ ಒಂದೊಂದು ಕ್ರಾಸು. ರಸ್ತೆಯ ಹಳ್ಳದಿಣ್ಣೆಗೆ ಹಿಂದಿನ ಆಕ್ಸಲ್ಲು ಏರಿ ಇಳಿದರೂ ತಿರುಗುವುದು ನಿಲ್ಲಬಾರದಲ್ಲ, ಅದಕ್ಕೆ. ಶಾಫ್ಟು ಇಲ್ಲದಿದ್ದರೆ ಎಂಜಿನ್ನು ಎಷ್ಟು ಗುಡುಗಿದರೂ ಗಾಡಿ ನಿಂತಲ್ಲೇ.

ಹೆಂಡತಿ ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಹರಿಹರಕ್ಕೆ ಒಯ್ರಿ. ಅಲ್ಲಿ ಲೇತಿನೋರು ಮಾಡಿ ಕೊಡ್ತಾರೆ" ಅಂದಳು.

"ನನಗೇನು ಕೈ ಇಲ್ವೇನು?" ಅಂದೆ.

ಆ ಮಾತನ್ನು ಇವತ್ತಿಗೂ ತೂಗಿ ನೋಡುತ್ತಿದ್ದೇನೆ.

ಅದು ಹುಟ್ಟಿನಲ್ಲಿ ನನ್ನ ಮಾತಲ್ಲ, ಅಪ್ಪನ ಮಾತು. ಅಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ. ಮನೆಯಲ್ಲಿ ಅವರ ಕೈ ಮುಟ್ಟದ ಸಾಮಾನು ಇರಲಿಲ್ಲ. ಬಾವಿಯ ರಾಟೆ, ಬೀಸುವ ಕಲ್ಲಿನ ಗೂಟ, ಸೈಕಲ್ಲಿನ ಪೆಡಲು, ನಮ್ಮ ಚಪ್ಪಲಿಯ ಉಂಗುಷ್ಟ ಎಲ್ಲವೂ ಅವರ ಕೈಯಲ್ಲೇ ರಿಪೇರಿ ಆಗಬೇಕು. ಇದಕ್ಕೆ ಅವರು ಇಟ್ಟಿದ್ದ ಹೆಸರು ಕಾಯಕ. ಹರ್ಡೇಕರ್ ಮಂಜಪ್ಪನವರು ಮೃತ್ಯುಂಜಯ ಅಪ್ಪಗಳ ಜೊತೆ ಸೇರಿ ಬಸವ ಜಯಂತಿಯನ್ನು ಸಾರ್ವಜನಿಕ ಹಬ್ಬವಾಗಿ ಶುರು ಮಾಡಿದ್ದು ನಮ್ಮ ಊರಿನ ವಿರಕ್ತ ಮಠದಲ್ಲಿ, 1913ರಲ್ಲಿ. ಆ ಗಾಳಿಯಲ್ಲಿ ಬೆಳೆದವರು ನಮ್ಮಜ್ಜ. ಕಾಯಕ ಎಂಬ ಶಬ್ದ ಅವರಿಂದ ಅಪ್ಪನಿಗೆ, ಅಪ್ಪನಿಂದ ನನಗೆ, ಮನೆಯ ಹಿತ್ತಾಳೆ ಕೊಳಗದ ಹಾಗೆ ಕೈ ದಾಟಿ ಬಂತು. ಕೆಲಸದಲ್ಲಿ ತೊಡಗಿದವನು ಗುರು ಬಂದರೂ ಮರೆತಿರಬೇಕು ಎಂಬ ಅರ್ಥದ ಆಯ್ದಕ್ಕಿ ಮಾರಯ್ಯನ ವಚನ ಅಪ್ಪನ ನಾಲಿಗೆ ತುದಿಯಲ್ಲೇ ಇರುತ್ತಿತ್ತು.

ಅಂಗಡಿಯವರ ಮೇಲೆ ಅವರಿಗೆ ಸಿಟ್ಟೂ ಇತ್ತು. ನಾನು ಚಿಕ್ಕವನಿದ್ದಾಗ ಹೊಲದ ಪಂಪಿನ ಶಾಫ್ಟನ್ನು ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದರು. ಅಲ್ಲಿಯವರು ಬಿರುಕಿನ ಮೇಲೆ ವೆಲ್ಡಿಂಗ್ ಸವರಿ, ಉಜ್ಜಿ, ಮೇಲೆ ಹಸಿರು ಬಣ್ಣ ಹೊಡೆದು ಕೊಟ್ಟರು. ವಾರ ತುಂಬುವುದರೊಳಗೆ ಅದು ತುಂಡಾಯಿತು, ಬೆಳೆ ಒಣಗಿತು. ಆ ತುಂಡನ್ನು ಅಪ್ಪ ಅಟ್ಟದ ಮೊಳೆಗೆ ನೇತು ಹಾಕಿದ್ದರು. ಬಣ್ಣ ಮಾತ್ರ ಕೊನೆವರೆಗೂ ಹೋಗಲಿಲ್ಲ. ಕಾಸು ಕೊಟ್ಟರೆ ಬಣ್ಣ ಸಿಗುತ್ತದೆ, ನಿಷ್ಠೆ ಸಿಗುವುದಿಲ್ಲ ಅನ್ನುವುದು ಅವರ ತೀರ್ಮಾನವಾಗಿತ್ತು. ಅವರನ್ನು ನಾನು ತಪ್ಪು ಅನ್ನಲಾರೆ. ಆ ಬಣ್ಣವನ್ನು ನಾನೂ ಮುಟ್ಟಿ ನೋಡಿದ್ದೇನೆ.

ಹಾಗಾಗಿ ನಿಟ್ಟುವಳ್ಳಿಯ ಮನೆ ಹಿತ್ತಿಲಲ್ಲಿ ನಾನೇ ಶಾಫ್ಟು ಉದ್ದ ಮಾಡಲು ಕೂತೆ. ಐಟಿಐ ಕಲಿತವನು, ರೈಸ್ ಮಿಲ್ಲಿನಲ್ಲಿ ಮೂವತ್ತು ವರ್ಷ ಫಿಟ್ಟರ್ ಕೆಲಸ ಮಾಡಿದವನು. ವೆಲ್ಡಿಂಗ್ ಸೆಟ್ಟು ಮನೆಯಲ್ಲೇ ಇತ್ತು. ಕೊಳವೆಯನ್ನು ನಡುವೆ ಕೊಯ್ದೆ. ಬೋರ್‌ವೆಲ್ಲಿಗೆ ಇಳಿಸಿ ಉಳಿದಿದ್ದ ಜಿಐ ಪೈಪಿನ ತುಂಡು ಅಳತೆಗೆ ಹತ್ತಿರ ಕಂಡಿತು. ಅದರ ಸತುವಿನ ಪದರ ಉಜ್ಜಿ ತೆಗೆದೆ. ಪೂರ್ತಿ ಹೋಗಿರಲಿಲ್ಲ, ವೆಲ್ಡಿಂಗ್ ಹಿಡಿದಾಗ ಬಿಳಿ ಹೊಗೆ ಎದ್ದಿತು, ಅವತ್ತು ರಾತ್ರಿ ಮೈ ಬಿಸಿಯಾಗಿ ಚಳಿ ಬಂತು. ಆಂಗಲ್ ಕಬ್ಬಿಣವನ್ನು ಮಗುಚಿಟ್ಟು ಅದರ ಕಣಿವೆಯಲ್ಲಿ ಮೂರೂ ತುಂಡು ಸಾಲಾಗಿ ಮಲಗಿಸಿ, ನಾಲ್ಕು ಕಡೆ ಚುಕ್ಕಿ ಹಾಕಿ, ಆಮೇಲೆ ಸುತ್ತ ವೆಲ್ಡಿಂಗ್ ಎಳೆದೆ. ಗೀರು ಒಂದೇ ಸಮ ಬಂದಿತ್ತು. ದಾರ ಹಿಡಿದು ನೋಡಿದೆ, ನೇರ. ಒಂದು ಕಣ್ಣು ಮುಚ್ಚಿ ನೋಡಿದೆ, ನೇರ. ಮೊಮ್ಮಗಳು ಬಂದು "ಅಜ್ಜ, ಇದು ನೀನೇ ಮಾಡಿದ್ದಾ?" ಅಂದಾಗ ಎದೆ ತುಂಬಿ ಬಂತು. ಅಪ್ಪನ ಫೋಟೋದ ಕಡೆ ಒಮ್ಮೆ ನೋಡಿದ್ದೂ ನೆನಪಿದೆ.

ಊರೊಳಗೆ ಗಾಡಿ ಚೆನ್ನಾಗಿಯೇ ಓಡಿತು. ಹದಡಿ ರಸ್ತೆ, ಎಪಿಎಂಸಿ, ಹೊಲ. ಮೂವತ್ತು ನಲವತ್ತರ ವೇಗ. ಹದಿನೈದು ದಿನ ಏನೂ ಆಗಲಿಲ್ಲ.

ಹದಿನಾರನೇ ದಿನ ಸೋಮವಾರ. ಹೆಂಡತಿಯ ತವರಿನ ಹರಕೆ ಇತ್ತು, ಹರಿಹರೇಶ್ವರನ ಗುಡಿಗೆ ಹೊರಟೆವು. ಹೆಂಡತಿ, ಅಕ್ಕ, ಮಗಳು, ಮಗಳ ಮಕ್ಕಳಿಬ್ಬರು. ಜೀಪಿನ ಹಿಂಬದಿಯ ಸೀಟು ಎದುರುಬದುರು ಇರುತ್ತದೆ. ಕೂತವರ ಕಾಲುಗಳೆಲ್ಲ ನಡುವಿನ ತಗಡಿನ ಮೇಲೆ. ಆ ತಗಡಿನ ಕೆಳಗೇ ಶಾಫ್ಟು ತಿರುಗುವುದು. ಹಳೇ ಪಿಬಿ ರಸ್ತೆಯಲ್ಲಿ ದೊಡ್ಡಬಾತಿ ದಾಟಿ ಗಾಡಿ ಅರವತ್ತು ಮುಟ್ಟಿದಾಗ ಕೆಳಗಿನಿಂದ ಒಂದು ಗುಂಯ್‌ಗುಡುವಿಕೆ ಶುರುವಾಯಿತು. ಅಕ್ಕ "ಕಾಲು ಜುಮುಜುಮು ಅಂತೈತಿ" ಅಂದಳು. ರಸ್ತೆ ಸರಿ ಇಲ್ಲ ಅಂದೆ. ರಸ್ತೆ ಸರಿಯಾಗೇ ಇತ್ತು.

ಆಮೇಲಿನದು ಮೂರು ಸೆಕೆಂಡಿನ ಕತೆ. ಹಿಂದಿನ ಕ್ರಾಸು ಮುರಿಯಿತು. ಬಿಡುಗಡೆಯಾದ ಶಾಫ್ಟಿನ ತುದಿ ಒನಕೆಯ ಹಾಗೆ ಕೆಳಗಿನಿಂದ ತಗಡನ್ನು ಕುಟ್ಟಿತು. ಗಾಡಿಯನ್ನು ಎಡಕ್ಕೆ ತಂದು ನಿಲ್ಲಿಸಿ ಹಿಂದಕ್ಕೆ ಓಡಿದೆ. ತಗಡು ಗೇಣುದ್ದ ಮೇಲೆದ್ದು ಹರಿದಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಆ ಜಾಗದಲ್ಲಿ ಮೊಮ್ಮಗಳ ಕಾಲು ಇತ್ತು. ನಿದ್ದೆ ಬಂತೆಂದು ಅವಳು ಕಾಲು ಮೇಲೆತ್ತಿಕೊಂಡು ಅಮ್ಮನ ತೊಡೆಯ ಮೇಲೆ ಒರಗಿದ್ದಳು. ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಹೆಂಡತಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮಕ್ಕಳನ್ನು ಇಳಿಸಿಕೊಂಡು ರಸ್ತೆ ಬದಿಯ ಜಾಲಿ ಮರದ ನೆರಳಿಗೆ ಹೋದಳು.

ಟ್ರ್ಯಾಕ್ಟರಿಗೆ ಕಟ್ಟಿ ಜೀಪನ್ನು ಹರಿಹರಕ್ಕೆ ಎಳೆಸಿಕೊಂಡು ಹೋದೆ.

ಹರಿಹರಕ್ಕೂ ಲೇತಿಗೂ ಇರುವ ನಂಟು ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದ ಎಷ್ಟೋ ಕಾರ್ಖಾನೆ, ಐಟಿಐಗಳಿಗೆ ಹೋದವು. ನಾನು ಟರ್ನಿಂಗ್ ಕಲಿತದ್ದೂ ಅಂಥದ್ದರ ಮೇಲೆಯೇ. ಕಾರ್ಖಾನೆ ಈಗಿಲ್ಲ. ಆದರೆ ಅಲ್ಲಿ ಪಳಗಿದ ಕೈಗಳು ಊರಲ್ಲಿವೆ. ನಾನು ಹೋದ ಅಂಗಡಿಯ ಯಜಮಾನರು ಎಪ್ಪತ್ತು ದಾಟಿದವರು, ಆ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಅಂಗಡಿ ಎಂದರೆ ತಗಡಿನ ಶೆಡ್ಡು, ಒಂದು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಮೂಲೆಯಲ್ಲಿ ನೀರಿನ ಬಿಂದಿಗೆ. ಲೇತಿನ ಹಣೆಗೆ ಆಯುಧಪೂಜೆಯ ವಿಭೂತಿ ಕುಂಕುಮ ಇನ್ನೂ ಇತ್ತು.

ಅವರು ಶಾಫ್ಟನ್ನು ಬೆಂಚಿನ ಮೇಲಿಟ್ಟು ವೆಲ್ಡಿಂಗಿನ ಮೇಲೆ ಹೆಬ್ಬೆರಳು ಓಡಿಸಿದರು.

"ಯಾರು ಮಾಡಿದ್ದು?"

"ನಾನೇ, ಯಜಮಾನ್ರೇ."

"ಕೈ ಚೆನ್ನಾಗೈತಿ. ಗೀರು ಎಲ್ಲೂ ಮುರಿದಿಲ್ಲ."

ಬೈಗುಳಕ್ಕೆ ಸಿದ್ಧನಾಗಿ ನಿಂತವನಿಗೆ ಈ ಮಾತು ಹೆಚ್ಚು ನೋವು ಕೊಟ್ಟಿತು. ಅವರು ಶಾಫ್ಟನ್ನು ಲೇತಿನ ಎರಡು ಸೆಂಟರುಗಳ ನಡುವೆ ಹಿಡಿಸಿ, ಡಯಲ್ ಗೇಜಿನ ಮುಳ್ಳನ್ನು ಕೊಳವೆಗೆ ತಾಗಿಸಿ ಕೈಯಿಂದ ನಿಧಾನ ತಿರುಗಿಸಿದರು. ಮುಳ್ಳು ಹೋಯಿತು, ಬಂತು. "ನಲವತ್ತು ಥೌ. ಒಂದು ಮಿಲಿಮೀಟರು. ಹದಿನೈದು ಇಪ್ಪತ್ತರೊಳಗೆ ಇರಬೇಕಿತ್ತು. ನಿಂತಾಗ ನೇರ ಐತಿ ನೋಡ್ರಿ, ತಿರುಗಿದಾಗ ಇಲ್ಲ." ಆಮೇಲೆ ಎರಡು ತುದಿಯಲ್ಲಿ ಕ್ರಾಸು ಹಿಡಿಯುವ ಯೋಕುಗಳ ಕಿವಿ ತೋರಿಸಿದರು. ಎರಡೂ ಒಂದೇ ಸಮತಲದಲ್ಲಿ ಇರಬೇಕು. ಕ್ರಾಸಿನ ಮೂಲಕ ಬಾಗಿ ಹೋಗುವ ತಿರುಗಾಟ ಒಂದು ಸುತ್ತಿನಲ್ಲಿ ಎರಡು ಸಲ ಚುರುಕಾಗಿ ಎರಡು ಸಲ ಮಂದವಾಗುತ್ತದೆ. ಒಂದು ತುದಿಯ ಏರಿಳಿತವನ್ನು ಇನ್ನೊಂದು ತುದಿ ಅಳಿಸಬೇಕು. ನನ್ನ ಕಿವಿಗಳು ಹತ್ತು ಡಿಗ್ರಿಯಷ್ಟು ತಪ್ಪಿದ್ದವು. ಅಳಿಸುವ ಬದಲು ಒಂದು ತುದಿ ಇನ್ನೊಂದರ ಜೊತೆ ಜಗಳಕ್ಕೆ ನಿಂತಿತ್ತು.

ಎಲ್ಲಿ ತಪ್ಪಿತು ಎಂದು ನನಗೇ ಗೊತ್ತಾಯಿತು. ವೆಲ್ಡಿಂಗ್ ಆರುವಾಗ ಲೋಹವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಂದು ಬದಿ ಸ್ವಲ್ಪ ಹಾಕಿ, ಅದರ ಎದುರು ಬದಿ ಸ್ವಲ್ಪ ಹಾಕುತ್ತ ಬರಬೇಕು. ಇದು ನನಗೆ ತಿಳಿಯದ ಪಾಠವಲ್ಲ. ಗೀರು ಚೆಂದ ಬರುತ್ತಿದೆ ಎಂಬ ಹಿಗ್ಗಿನಲ್ಲಿ ಒಂದೇ ಸಮನೆ ಸುತ್ತಿಬಿಟ್ಟಿದ್ದೆ.

ಒಂದು ಮಿಲಿಮೀಟರಿಗೆ ಇಷ್ಟು ಶಿಕ್ಷೆಯೇ ಎಂದು ಕೇಳುವವರಿಗೆ ಲೆಕ್ಕ ಹೇಳುತ್ತೇನೆ. ಜೀಪಿನ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟು ಸುಮಾರು ಐದು ಸುತ್ತು ಬಂದಿರುತ್ತದೆ. ಗಂಟೆಗೆ 80 ಕಿಲೋಮೀಟರ್ ಎಂದರೆ ಶಾಫ್ಟಿಗೆ ನಿಮಿಷಕ್ಕೆ 3000 ಸುತ್ತಿನ ಆಸುಪಾಸು. ಕೊಳವೆಯ ಒಂದು ಪಕ್ಕದಲ್ಲಿ 10 ಗ್ರಾಂ ಹೆಚ್ಚಿದೆ ಎಂದುಕೊಳ್ಳಿ, ಒಂದು ತೊಲಕ್ಕೂ ಕಡಿಮೆ. ನಡುವಿನಿಂದ ಮೂರೂವರೆ ಸೆಂಟಿಮೀಟರ್ ದೂರದಲ್ಲಿ ಕೂತ ಆ 10 ಗ್ರಾಂ, ಆ ವೇಗದಲ್ಲಿ, ಸುಮಾರು ಮೂರೂವರೆ ಕಿಲೋ ಭಾರದ ಬಲದಿಂದ ಶಾಫ್ಟನ್ನು ಹೊರಕ್ಕೆ ಎಳೆಯುತ್ತದೆ. ಸೆಕೆಂಡಿಗೆ 50 ಸುತ್ತು, ಸುತ್ತೆಲ್ಲ ಅದೇ ಎಳೆತ. ಅರ್ಧ ವೇಗಕ್ಕೆ ಇಳಿದರೆ ಎಳೆತ ಕಾಲು ಪಾಲಾಗುತ್ತದೆ. ನಲವತ್ತರ ವೇಗದಲ್ಲಿ ನನ್ನ ತಪ್ಪು ಹದಿನೈದು ದಿನ ಬಾಯಿ ಮುಚ್ಚಿಕೊಂಡಿದ್ದು ಅದಕ್ಕೆ. ಕೊಳವೆ ಉದ್ದವಾದಷ್ಟೂ ಅಪಾಯ ಬೇರೆ ಥರ. ಅದು ಬಿಲ್ಲಿನ ಹಾಗೆ ಬಾಗಿ ಕುಣಿಯಲು ಶುರು ಮಾಡುವ ವೇಗ ಇಳಿಯುತ್ತ ಹೋಗುತ್ತದೆ, ಉದ್ದ ಎರಡರಷ್ಟಾದರೆ ಆ ವೇಗ ನಾಲ್ಕನೆಯ ಒಂದು ಪಾಲಿಗೆ ಬರುತ್ತದೆ. ಉದ್ದನೆಯ ಲಾರಿಗಳಲ್ಲಿ ಶಾಫ್ಟನ್ನು ತುಂಡು ಮಾಡಿ ನಡುವೆ ಸೆಂಟರ್ ಬೇರಿಂಗ್ ಕೊಡುವುದು ಇದೇ ಕಾರಣಕ್ಕೆ. ಚಾಸಿಯನ್ನೇ ಕೊಯ್ದು ಗಾಡಿ ಉದ್ದ ಮಾಡಿಸುವವರಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ನಿಲ್ಲುತ್ತದೆ. ಹಿತ್ತಿಲಲ್ಲಿ ಶಾಫ್ಟಿಗೆ ತೇಪೆ ಹಾಕುವವನನ್ನು ನೋಡಲು ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ. ಅಲ್ಲಿ ನೋಡಬೇಕಾದದ್ದು ಅವನ ಅಂತಃಸಾಕ್ಷಿ. ನನ್ನದು ಅವತ್ತು ಕಾಯಕದ ಹೆಸರು ಹೊದ್ದು ಮಲಗಿತ್ತು.

ಇದು ವೆಲ್ಡಿಂಗಿನ ವಿಷಯ, ಇದರಲ್ಲಿ ಧರ್ಮ ಎಲ್ಲಿಂದ ಬಂತು ಎಂದು ನನ್ನ ಅಳಿಯ ಕೇಳಿದ. ಧರ್ಮವನ್ನು ತಂದವನು ನಾನು. ಹಣ ಉಳಿಸಲು ಮನೆಯಲ್ಲೇ ಮಾಡಿದ್ದರೆ ಅದು ಬರೀ ಜಿಪುಣತನವಾಗುತ್ತಿತ್ತು, ಪೆಟ್ಟು ತಿಂದು ಬುದ್ಧಿ ಕಲಿಯುತ್ತಿದ್ದೆ. ನಾನು ಅದನ್ನು ಬಸವಣ್ಣನವರ ಹೆಸರಿನಲ್ಲಿ ಮಾಡಿದೆ. ಬಲ್ಲವರ ಕೈಗೆ ಕೊಡುವುದು ಸೋಮಾರಿತನ, ನನ್ನ ಕೈಯಿಂದಲೇ ಆಗುವುದು ಪೂಜೆ ಎಂದುಕೊಂಡೆ. ತಪ್ಪು ಆ ತಿಳಿವಳಿಕೆಯಲ್ಲಿದ್ದರೆ ಅದನ್ನು ಅಲ್ಲೇ ಹುಡುಕಬೇಕು.

ಯಜಮಾನರು ಕೆಲಸಕ್ಕೆ ಕೈ ಹಚ್ಚಿದ ಮೇಲೆ ನಾನು ನಡೆದುಕೊಂಡು ಗುಡಿಗೆ ಹೋದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿ. ತಿರುಗಣೆಯ ಮೇಲೆ ಕಡೆದ ಅದರ ಕಂಬಗಳನ್ನು ಕಂಡರೆ ಯಾವ ಟರ್ನರನಿಗಾದರೂ ಕೈ ಮುಗಿಯಬೇಕು ಅನ್ನಿಸುತ್ತದೆ. ಒಳಗೆ ಬಲಭಾಗ ಹರ, ಎಡಭಾಗ ಹರಿ. ಶಾಫ್ಟು ಕೂಡಿಸಲು ಹೋಗಿ ಕೆಡಿಸಿಕೊಂಡು ಬಂದವನಿಗೆ ಅಲ್ಲಿ ನಿಂತಾಗ ಕೂಡಿಕೆಯ ಮಾತೇ ನೆನಪಿಗೆ ಬರಬೇಕು. ಆದರೆ ಆ ಮೂರ್ತಿಯಲ್ಲಿ ಕೂಡಿಕೆ ಇಲ್ಲ, ಅದು ಒಂದೇ ಕಲ್ಲು. ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ಥಳಪುರಾಣ. ಗುಹಾಸುರನಿಗೆ ಬ್ರಹ್ಮನ ವರವಿತ್ತು, ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂದು. ಹರಿಯೊಬ್ಬನ ಕೈಯಲ್ಲಿ ಆಗದ್ದು, ಹರನೊಬ್ಬನ ಕೈಯಲ್ಲೂ ಆಗದ್ದು. ಅದಕ್ಕೇ ಒಂದೇ ಮೈಯಾಗಿ ಬಂದರು. ಚಿಕ್ಕಂದಿನಿಂದ ಕೇಳಿದ ಕತೆ ಇದು. ದೇವರಿಗೂ ಒಂಟಿ ಕೈ ಸಾಲದೆ ಬಂದ ಜಾಗದಲ್ಲಿ ನಿಂತಿದ್ದೇನೆ ಎಂದು ಅವತ್ತು ಮೊದಲ ಸಲ ಕೇಳಿಸಿತು. ನಮ್ಮಪ್ಪ ಗುಡಿಗೆ ಹೋಗುತ್ತಿರಲಿಲ್ಲ. ಅವರಿಗೆ ಇಷ್ಟಲಿಂಗ ಸಾಕಿತ್ತು. ಆದರೆ ಆ ಹೊತ್ತು ಅವರು ಜೊತೆಗಿರಬೇಕಿತ್ತು ಅನ್ನಿಸಿತು.

ಮೆಟ್ಟಿಲ ಮೇಲೆ ಕೂತು ಕಲ್ಯಾಣದ ಶರಣರನ್ನು ಒಬ್ಬೊಬ್ಬರಾಗಿ ನೆನೆದೆ. ಮಡಿವಾಳ ಮಾಚಿದೇವ ಬಟ್ಟೆ ಒಗೆದರು, ಯಾರ ಬಟ್ಟೆ? ಮೇದರ ಕೇತಯ್ಯನ ಮೊರದಲ್ಲಿ ಬೇರೆ ಮನೆಯ ಅಕ್ಕಿ ಹಸನಾಗಬೇಕು. ನುಲಿಯ ಚಂದಯ್ಯನ ಹಗ್ಗಕ್ಕೆ ಬೇರೆಯವರ ಭಾರ ಬೀಳಬೇಕು. ಅಂಬಿಗರ ಚೌಡಯ್ಯ ತನ್ನೊಬ್ಬನನ್ನೇ ದಾಟಿಸಿಕೊಳ್ಳುತ್ತಿದ್ದರೆ ದೋಣಿ ಯಾಕೆ ಬೇಕಿತ್ತು, ಈಜಿದ್ದರೆ ಸಾಕಿತ್ತು. ತನಗೆ ಬೇಕಾದ್ದನ್ನೆಲ್ಲ ತಾನೇ ಮಾಡಿಕೊಳ್ಳುವುದು ಕಾಯಕವಾಗಿದ್ದರೆ ಕಲ್ಯಾಣದಲ್ಲಿ ಇಷ್ಟು ಕಾಯಕಗಳ ಹೆಸರೇ ಹುಟ್ಟುತ್ತಿರಲಿಲ್ಲ. ಅಷ್ಟು ಹೆಸರು ಇದ್ದದ್ದು ಒಬ್ಬರ ಕೈ ಇನ್ನೊಬ್ಬರಿಗೆ ಬೇಕಾಗಿದ್ದರಿಂದ. ಕಾಯಕದ ಬೆನ್ನಿಗೇ ದಾಸೋಹ ಇದೆ. ಮಾಡಿದ್ದು ತನ್ನನ್ನು ದಾಟಿ ಹೋಗುತ್ತದೆ, ಯಾರೋ ಅದನ್ನು ಉಣ್ಣುತ್ತಾರೆ, ಉಡುತ್ತಾರೆ, ಅದರ ಮೇಲೆ ಕೂತು ಹೊಳೆ ದಾಟುತ್ತಾರೆ. ಹಿತ್ತಿಲಲ್ಲಿ ಶಾಫ್ಟು ಬೆಸೆಯುವಾಗ ನಾನು ನನ್ನ ಕೈಯನ್ನು ನೆನೆದೆ, ಅಪ್ಪನನ್ನು ನೆನೆದೆ. ತಗಡಿನ ಮೇಲೆ ಕಾಲಿಟ್ಟು ಕೂರುವವರನ್ನು ನೆನೆಯಲಿಲ್ಲ.

ಅಪ್ಪನಿಗೆ ಪ್ರಿಯನಾದ ಮಾರಯ್ಯನ ಕತೆಯನ್ನೇ ನೋಡಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಬಸವಣ್ಣನವರು ಹೆಚ್ಚು ಚೆಲ್ಲಿಸಿದರು, ಅವನು ಹೆಚ್ಚು ಆಯ್ದು ತಂದ. ಹೆಂಡತಿ ಲಕ್ಕಮ್ಮ ನೋಡಿದಳು, ಇದು ನಮ್ಮ ಅಳತೆಗೆ ಮೀರಿದ್ದು, ತಿರುಗಿ ಸುರಿದು ಬಾ ಎಂದಳು. ಮಾರಯ್ಯನ ನಿಷ್ಠೆಯಲ್ಲಿ ಕೊರತೆ ಇರಲಿಲ್ಲ. ಅವನ ಕೈಯೂ ಶುದ್ಧ. ಆದರೂ ಆಯ್ದ ಕೈಗೆ ಹೆಚ್ಚು ಕಾಣಲಿಲ್ಲ, ಮನೆಯಲ್ಲಿದ್ದವಳಿಗೆ ಕಂಡಿತು. ಗುರು ಬಂದರೂ ಕೆಲಸದಲ್ಲಿ ಮುಳುಗಿರು ಎಂಬ ಮಾರಯ್ಯನ ಅರ್ಧವನ್ನು ಅಪ್ಪ ನನಗೆ ಕೊಟ್ಟರು. ತಿರುಗಿ ಹೋಗಿ ಸುರಿದು ಬಂದ ಮಾರಯ್ಯನ ಇನ್ನರ್ಧ ನಮ್ಮ ಮನೆಗೆ ಬಂದಿರಲಿಲ್ಲ. ಹಿತ್ತಿಲ ಬಾಗಿಲಲ್ಲಿ ನಿಂತು ಹರಿಹರಕ್ಕೆ ಒಯ್ರಿ ಅಂದವಳಿಗೆ ನಾನು ಕೊಟ್ಟ ಉತ್ತರ ಮೇಲೆ ಬರೆದಿದ್ದೇನೆ.

ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮಪ್ರಭು ಒಡ್ಡ ಎಂದು ಕರೆದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಶ್ರಾವಣದ ಪ್ರವಚನದಲ್ಲಿ ಅದನ್ನು ಕೇಳಿದಾಗಲೆಲ್ಲ ಜನಕ್ಕೆ ನೀರು ಕೊಡುವವನನ್ನು ಅಲ್ಲಮ ಯಾಕೆ ನೋಯಿಸಬೇಕು ಎಂದು ಸಂಕಟವಾಗುತ್ತಿತ್ತು. ಈಗ ನನಗೆ ತಿಳಿಯುವುದು ಇಷ್ಟು. ಕೆರೆ ಸರಿಯಾಗಿತ್ತು, ಮಣ್ಣು ಸರಿಯಾಗಿತ್ತು, ನಾನು ಕಟ್ಟಿದೆ ಎಂಬ ಒಂದು ಸಣ್ಣ ಭಾರ ಒಂದು ಪಕ್ಕಕ್ಕೆ ಕೂತಿತ್ತು. ಅಂಥ ಭಾರ ನಿಂತಾಗ ಕಾಣುವುದಿಲ್ಲ. ದಾರ ಹಿಡಿದರೂ ಕಾಣುವುದಿಲ್ಲ. ನಮ್ಮವರು ನಡೆ, ನುಡಿ ಎಂದು ಎರಡು ಶಬ್ದ ಇಟ್ಟು ಎರಡೂ ಒಂದಾಗಿರಲಿ ಎಂದರು. ನುಡಿ ಎಷ್ಟೇ ನೇರ ಇರಲಿ, ನಡೆ ಶುರುವಾಗಿ ವೇಗ ಹಿಡಿದಾಗಲೇ ಒಳಗಿನ ಡೊಂಕು ಬಾಯಿ ಬಿಡುವುದು. ಮತ್ತು ಅದು ಮೊದಲು ತಾಗುವುದು ನಡೆಸುವವನಿಗಲ್ಲ. ಅಕ್ಕನ ಪಾದಕ್ಕೆ ಗೊತ್ತಾದದ್ದು ಸ್ಟಿಯರಿಂಗ್ ಹಿಡಿದ ನನಗೆ ಗೊತ್ತಾಗಲಿಲ್ಲ. ಗೊತ್ತಾಗಿ ಹೇಳಿದಾಗಲೂ ರಸ್ತೆಯ ಮೇಲೆ ಹಾಕಿದೆ.

ಮನೆಯಲ್ಲಿ ಮಾಡುವವರನ್ನೆಲ್ಲ ನಾನು ಈ ತಕ್ಕಡಿಗೆ ಹಾಕುತ್ತಿಲ್ಲ. ನಮ್ಮ ಕಡೆ ಮೆಕ್ಕೆಜೋಳದ ಸುಗ್ಗಿಯಲ್ಲಿ, ಮೋಡ ಕಟ್ಟಿದ ರಾತ್ರಿ, ಟ್ರ್ಯಾಕ್ಟರಿನಿಂದ ಒಕ್ಕಣೆ ಮಷೀನಿಗೆ ಹೋಗುವ ಶಾಫ್ಟು ಮುರಿದರೆ ರೈತ ಟಾರ್ಚು ಹಿಡಿದು ತಾನೇ ಬೆಸೆಯುತ್ತಾನೆ. ಕಣದಲ್ಲಿ ಬಿದ್ದ ರಾಶಿ ಅಂಗಡಿ ತೆರೆಯುವವರೆಗೆ ಕಾಯುವುದಿಲ್ಲ. ಅವನು ಅದನ್ನು ತೇಪೆ ಅನ್ನುತ್ತಾನೆ, ನಿಧಾನ ಓಡಿಸುತ್ತಾನೆ, ಹತ್ತಿರ ಬರಬೇಡಿ ಎಂದು ಹುಡುಗರನ್ನು ದೂರ ನಿಲ್ಲಿಸುತ್ತಾನೆ. ಅದನ್ನು ನಾನು ಕಾಯಕ ಎಂದೇ ಕರೆಯುತ್ತೇನೆ. ತನ್ನ ಕೈ ಎಲ್ಲಿ ನಿಂತಿತು ಎಂಬ ಅರಿವು ಅವನಲ್ಲಿದೆ. ಅರಿವೇ ಗುರು ಎನ್ನುವ ಮಾತನ್ನು ನಾನು ಬಹಳ ವರ್ಷ ನನಗೆ ನಾನೇ ಗುರು ಎಂದು ಓದಿಕೊಂಡಿದ್ದೆ. ಹಾಗೆಯೇ ಅಂಗಡಿಗೆ ಕೊಟ್ಟ ಮಾತ್ರಕ್ಕೆ ಕೆಲಸ ಶುದ್ಧವಾಗುವುದಿಲ್ಲ, ನಮ್ಮ ಅಟ್ಟದ ಹಸಿರು ತುಂಡು ಅದಕ್ಕೆ ಸಾಕ್ಷಿ.

ಗುಡಿಯಿಂದ ವಾಪಸು ಬಂದಾಗ ಯಜಮಾನರು ನನ್ನ ತೇಪೆಯನ್ನು ಪೂರ್ತಿ ತೆಗೆದು ಹಾಕಿದ್ದರು. ನಡುವೆ ತುಂಡು ಸೇರಿಸಿ ಉದ್ದ ಮಾಡುವುದು ಅವರ ಪದ್ಧತಿಯಲ್ಲ. ಎರಡು ತುದಿಯ ಯೋಕುಗಳನ್ನು ಲೇತಿನ ಮೇಲೆ ಕೊರೆದು ಬಿಡಿಸಿ, ಸರಿಯಾದ ದಪ್ಪದ ಒಂದೇ ಕೊಳವೆಯನ್ನು ಬೇಕಾದ ಉದ್ದಕ್ಕೆ ಕೊಯ್ದು, ಯೋಕಿನ ಮೆಟ್ಟಿಲಿಗೆ ಬಿಗಿಯಾಗಿ ಕೂರಿಸಿ, ಕಿವಿಗಳ ಸಮ ನೋಡಿ, ಎದುರುಬದುರು ಚುಕ್ಕಿ ಹಾಕಿ, ಮತ್ತೆ ಡಯಲ್ ಹಿಡಿದು, ಆಮೇಲೆ ವೆಲ್ಡಿಂಗು. ಮುಳ್ಳು ಹತ್ತು ಥೌ ಒಳಗೆ ನಿಂತಿತು. ನಾನು ಬಿಚ್ಚಿದ ಬೋಲ್ಟುಗಳನ್ನು ಒರೆಸಿ ತಯಾರು ಮಾಡುತ್ತಿದ್ದೆ.

"ಈಗಲೇ ಅಲ್ರಿ. ಇದು ಹುಬ್ಬಳ್ಳಿಗೆ ಹೋಗಬೇಕು" ಅಂದರು.

"ಹುಬ್ಬಳ್ಳಿಗೆ ಯಾಕ್ರಿ?"

"ಬ್ಯಾಲೆನ್ಸಿಂಗ್ ಮಷೀನ್ ಅಲ್ಲೈತಿ. ಡಯಲ್ ನೋಡೋದು ಮೈನ ಮಾತ್ರ. ತೂಕ ಅದಕ್ಕೆ ಕಾಣಂಗಿಲ್ಲ."

ಐವತ್ತು ವರ್ಷ ಲೇತಿನ ಮುಂದೆ ನಿಂತ ಮನುಷ್ಯ. ಹತ್ತು ಥೌ ಎಂದು ಮುಳ್ಳು ತೋರಿಸುತ್ತಿದೆ. ನನ್ನ ಕೆಲಸ ಇಲ್ಲಿಗೆ ಮುಗಿಯಿತು, ಮುಂದಿನದು ನನಗೆ ಕಾಣುವುದಿಲ್ಲ ಎಂದು ಅವರು ಹೇಳಿದ ರೀತಿಯಲ್ಲಿ ಸಣ್ಣತನವಾಗಲಿ ಸಂಕೋಚವಾಗಲಿ ಇರಲಿಲ್ಲ. ಸಂಜೆ ಆರು ಗಂಟೆ ಆಗಿದೆ ಅನ್ನುವ ಹಾಗೆ ಹೇಳಿದರು. ಶಾಫ್ಟನ್ನು ಗೋಣಿಯಲ್ಲಿ ಸುತ್ತಿ ತಾವೇ ಲಾರಿ ಆಫೀಸಿಗೆ ಒಯ್ದು ಹಾಕಿದರು.

ನಾಲ್ಕನೇ ದಿನ ಅದು ಮರಳಿ ಬಂತು. ಒಂದು ತುದಿಯ ಹತ್ತಿರ ಹೆಬ್ಬೆರಳ ಉಗುರಿನಷ್ಟು ಒಂದು ಲೋಹದ ತುಂಡು ಅಂಟಿಸಿದ್ದರು. ಅಷ್ಟು ಜೋಪಾನವಾಗಿ ಕೊರೆದು ಕೂರಿಸಿದ ಮೇಲೂ ಉಳಿದಿದ್ದ ವ್ಯತ್ಯಾಸ ಅದು. ಯಜಮಾನರು ಅದನ್ನು ಬೆರಳಿನಿಂದ ಸವರಿ, ಮಗನನ್ನು ಕರೆದು ತೋರಿಸಿದರು. "ನೋಡು, ಇಷ್ಟು ಬಿಟ್ಟಿದ್ವಿ ನಾವು."

ಇಬ್ಬರೂ ಸೇರಿ ಕೂರಿಸಿದೆವು. ಸ್ಲಿಪ್ ಜಾಯಿಂಟಿನ ಎರಡು ಭಾಗಕ್ಕೂ ಪಂಚಿನಿಂದ ಗುರುತು ಹಾಕಿಸಿದರು, ಮುಂದೆ ಬಿಚ್ಚಿದವರು ಒಂದು ಹಲ್ಲು ಆಚೀಚೆ ಮಾಡಬಾರದು ಎಂದು. ತಗಡಿನ ಹರಕನ್ನು ಬಡಿದು ಸಮ ಮಾಡಿ ಬೆಸೆದೆವು. ಆ ವೆಲ್ಡಿಂಗು ನನ್ನದೇ, ಅವರೇ ಹಿಡಿಕೆ ನನ್ನ ಕೈಗೆ ಕೊಟ್ಟರು.

ಟ್ರಯಲ್ ನೋಡಬೇಕು, ಮುಂದೆ ಬಂದು ಕೂತುಕೊಳ್ಳಿ ಯಜಮಾನ್ರೇ ಅಂದೆ. ಅವರು ಹಿಂದಕ್ಕೆ ಹೋಗಿ ಹತ್ತಿದರು. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಎರಡೂ ಬರಿಗಾಲನ್ನು ನಡುವಿನ ತಗಡಿನ ಮೇಲೆ, ಹರಕು ಬೆಸೆದ ಜಾಗದಲ್ಲೇ ಊರಿದರು. ನನಗೆ ಎದೆ ಹೊಡೆದುಕೊಳ್ಳತೊಡಗಿತು.

"ಕಾಲು ಈ ಕಡೆ ಇಟ್ಕೊಳ್ರಿ" ಅಂದೆ.

"ಇರ್ಲಿ. ನೀವು ಎಂಬತ್ತಕ್ಕೆ ಹೋಗ್ರಿ."

ಹನಗವಾಡಿ ಕಡೆಗೆ ಹೆದ್ದಾರಿ ಹಿಡಿದೆ. ಐವತ್ತು, ಅರವತ್ತು, ಎಪ್ಪತ್ತು. ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಕಣ್ಣು ಮುಚ್ಚಿಕೊಂಡಿದ್ದರು. ಎಂಬತ್ತಾಯಿತು. ಅವರು ಒಂದು ಕಾಲನ್ನು ಸ್ವಲ್ಪ ಎತ್ತಿ, ಮತ್ತೆ ಇಟ್ಟು, ಹಾಗೇ ಕೂತಿದ್ದರು.